ಬೆಕ್ಕಿನ ಜೊತೆ ಜರ್ಮನಿಗೆ: ಸಣ್ಣಪುಟ್ಟ ಕಾಯಿಲೆ ಇದ್ದರೆ ಕರೆದುಕೊಂಡು ಹೋಗಬಹುದಾ?

ಬೆಲ್ಲದಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಗಂಡನಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ. ಸೆಪ್ಟೆಂಬರ್ 1ಕ್ಕೆ ಸೇರಬೇಕು. ಈಗ ಜೂನ್ ಮಧ್ಯ. ವೀಸಾ, ಮನೆ, ಸಾಮಾನು ಎಲ್ಲಾ ಹೇಗೋ ಆಗುತ್ತೆ. ನನಗೆ ರಾತ್ರಿ ನಿದ್ದೆ ಬಾರದಿರೋದು ಬೆಲ್ಲನ ಯೋಚನೆಯಲ್ಲಿ.

ಬೆಲ್ಲ ನಮ್ಮ ಬೆಕ್ಕು. ಗಂಡು, ಏಳು ವರ್ಷ, ಸಂತಾನ ಆಗದ ಹಾಗೆ ಆಪರೇಷನ್ ಆಗಿದೆ. ಬನಶಂಕರಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಸಿಕ್ಕಿದ ಬೀದಿ ಮರಿ. ದೊಡ್ಡ ಕಾಯಿಲೆ ಅಂತ ಏನೂ ಇಲ್ಲ. ಹಿಂದೊಮ್ಮೆ ಮೂತ್ರದಲ್ಲಿ ಹರಳಾಗಿ ಒದ್ದಾಡಿದ್ದ, ಅವತ್ತಿನಿಂದ ಡಾಕ್ಟರ್ ಹೇಳಿದ ಯೂರಿನರಿ ಆಹಾರ ಮಾತ್ರ ಕೊಡುತ್ತಿದ್ದೇವೆ. ಒಸಡು ಸ್ವಲ್ಪ ಕೆಂಪಗಿದೆ. ಹವಾ ಬದಲಾದರೆ ಅಥವಾ ಮನೆಗೆ ಜಾಸ್ತಿ ಜನ ಬಂದರೆ ಸೀನುತ್ತಾನೆ, ಎಡಗಣ್ಣಲ್ಲಿ ನೀರು ಸುರಿಯುತ್ತೆ.

ಅತ್ತೆ ತೀರ್ಥಹಳ್ಳಿ ಹತ್ತಿರ ಇದ್ದಾರೆ, ಬಿಟ್ಟು ಹೋಗಿ ನಾನು ನೋಡ್ಕೋತೀನಿ ಅನ್ನುತ್ತಿದ್ದಾರೆ. ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮನೆಯಲ್ಲಿ ನಾಯಿಗಳಿವೆ, ಬೆಕ್ಕಿಗೆ ಹಾಲು ಅನ್ನ ಹಾಕಿ ರೂಢಿ. ನನ್ನ ಪ್ರಶ್ನೆ ಎರಡು. ಕಾಯಿಲೆ ಇದೆ ಅಂತ ಅಲ್ಲಿ ಏರ್‌ಪೋರ್ಟಿನಲ್ಲಿ ತಡೆಯುತ್ತಾರಾ? ಇಷ್ಟು ದೂರದ ಪ್ರಯಾಣ ಅವನ ಮೈಗೆ ಆಗುತ್ತಾ?

ಸಂಪಿಗೆ

ಕರೆದುಕೊಂಡು ಹೋಗಿ. ಇದರಲ್ಲಿ ಯೋಚನೆ ಮಾಡೋದೇನಿದೆ?

ಇಸಾರ್ ದಂಡೆ

ನಾನು ಮ್ಯೂನಿಕ್‌ನಲ್ಲೇ ಇರೋದು, ನಮ್ಮ ಬೆಕ್ಕೂ ಬೆಂಗಳೂರಿನದೇ. ಒಸಡು, ಸೀನು ಇದಕ್ಕೆಲ್ಲಾ ಯಾರೂ ತಡೆಯಲ್ಲ. ಅವರು ನೋಡೋದು ರೇಬೀಸ್ ಒಂದೇ. ಅದರ ಕಾಗದ ಸರಿ ಇಲ್ಲ ಅಂದರೆ ಮಾತ್ರ ದೇವರೇ ಗತಿ.

ಭಾರತ ಯುರೋಪಿಯನ್ ಯೂನಿಯನ್ನಿನ ರಿಯಾಯಿತಿ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ನಮಗೆ ಉದ್ದದ ದಾರಿ. ಮೊದಲು ಮೈಕ್ರೋಚಿಪ್, ಅಂದರೆ ಚರ್ಮದ ಕೆಳಗೆ ಹಾಕುವ ಗುರುತಿನ ಚಿಪ್. ಅದು 15 ಅಂಕಿಯ ಐಎಸ್ಒ ಚಿಪ್ ಆಗಿರಬೇಕು. ಆಮೇಲೆ ರೇಬೀಸ್ ಲಸಿಕೆ. ಲಸಿಕೆಯಾಗಿ ಕನಿಷ್ಠ 30 ದಿನ ಆದಮೇಲೆ ರಕ್ತ ತೆಗೆದು ಟೈಟರ್ ಟೆಸ್ಟ್, ಅಂದರೆ ಲಸಿಕೆಯಿಂದ ರೇಬೀಸ್ ತಡೆಯುವ ಶಕ್ತಿ ರಕ್ತದಲ್ಲಿ ಎಷ್ಟು ಬಂದಿದೆ ಅಂತ ಅಳೆಯೋದು. ಆ ರಕ್ತ ಯೂನಿಯನ್ ಒಪ್ಪಿದ ಲ್ಯಾಬ್‌ಗೇ ಹೋಗಬೇಕು. ಫಲಿತಾಂಶ ಒಂದು ಮಿಲಿಲೀಟರಿಗೆ 0.5 ಐಯು ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ರಿಪೋರ್ಟ್ ಬಂದ ದಿನದಿಂದ ಅಲ್ಲ, ರಕ್ತ ತೆಗೆದ ದಿನದಿಂದ.

ಬೆಲ್ಲನಿಗೆ ಚಿಪ್ ಆಗಿದೆಯಾ? ಅದನ್ನು ಮೊದಲು ಹೇಳಿ.

ಬೆಲ್ಲದಮ್ಮ

ಚಿಪ್ ಇಲ್ಲ. ರೇಬೀಸ್ ಇಂಜೆಕ್ಷನ್ ಪ್ರತಿ ವರ್ಷ ತಪ್ಪದೆ ಆಗಿದೆ, ಪುಸ್ತಕದಲ್ಲಿ ಎಲ್ಲಾ ಬರೆದಿದೆ. ಹೋದ ಫೆಬ್ರವರಿಯಲ್ಲೂ ಆಯಿತು. ಅದು ನಡೆಯುತ್ತೆ ಅಲ್ವಾ?

ಇಸಾರ್ ದಂಡೆ

ನಡೆಯಲ್ಲ. ಚಿಪ್ ಹಾಕುವುದಕ್ಕೆ ಮುಂಚೆ ಕೊಟ್ಟ ಲಸಿಕೆ ಅವರ ಲೆಕ್ಕಕ್ಕೆ ಇಲ್ಲ. ಯಾವ ಬೆಕ್ಕಿಗೆ ಕೊಟ್ಟಿದ್ದು ಅನ್ನೋದಕ್ಕೆ ಚಿಪ್ ನಂಬರೇ ಸಾಕ್ಷಿ. ಒಂದೇ ದಿನ ಚಿಪ್ ಹಾಕಿಸಿ, ಅದಾದಮೇಲೆ ಲಸಿಕೆ ಕೊಡಿಸಬಹುದು. ಆದರೆ ಇವತ್ತೇ ಮಾಡಿಸಿದರೂ ರಕ್ತ ಜುಲೈ ಮಧ್ಯ, ಅಲ್ಲಿಂದ ಮೂರು ತಿಂಗಳು ಅಂದರೆ ಅಕ್ಟೋಬರ್ ಮಧ್ಯ. ಸೆಪ್ಟೆಂಬರ್ ಮರೆತುಬಿಡಿ.

ಎಡಿಸನ್ ಗೌಡ್ರು

ಏನ್ರೀ ಇಷ್ಟೆಲ್ಲಾ! ನಾವು ನ್ಯೂಜೆರ್ಸಿಗೆ ಎರಡು ಬೆಕ್ಕು ತಂದೆವು. ಟೈಟರ್ ಗೀಟರ್ ಏನೂ ಕೇಳಲಿಲ್ಲ. ಆರೋಗ್ಯವಾಗಿ ಕಾಣುತ್ತಾ ಅಂತ ನೋಡಿ ಬಿಟ್ಟರು. ಸುಮ್ನೆ ಏಜೆಂಟರು ದುಡ್ಡು ಮಾಡೋಕೆ ಹೆದರಿಸುತ್ತಾರೆ.

ಇಸಾರ್ ದಂಡೆ

ಗೌಡ್ರೇ, ಅದು ಅಮೆರಿಕ. ಅಲ್ಲಿ ಬೆಕ್ಕುಗಳಿಗೆ ಕೇಂದ್ರ ಸರ್ಕಾರದ ರೇಬೀಸ್ ಲಸಿಕೆ ನಿಯಮವೇ ಇಲ್ಲ. ರಾಜ್ಯಗಳದ್ದು ಬೇರೆ, ಹವಾಯಿಯದ್ದಂತೂ ಪೂರ್ತಿ ಬೇರೆ. ಯುರೋಪಿಗೆ ಅದೇ ಧೈರ್ಯದಲ್ಲಿ ಬಂದು ಇಳಿದರೆ ಬೆಕ್ಕನ್ನು ವಾಪಸ್ ಕಳಿಸುತ್ತಾರೆ, ಇಲ್ಲವೇ ನಮ್ಮ ಖರ್ಚಿನಲ್ಲಿ ಕ್ವಾರಂಟೈನ್‌ನಲ್ಲಿ ಇಡುತ್ತಾರೆ. ಎರಡೂ ಆಗದಿದ್ದರೆ ಕೊಲ್ಲುವುದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ಇದನ್ನು ಓದಿದವರು ಯಾರೋ ‘ಏನೂ ಬೇಡವಂತೆ’ ಅಂತ ಹೊರಟುಬಿಟ್ಟರೆ ಕಷ್ಟ.

ಎಡಿಸನ್ ಗೌಡ್ರು

ಸರಿ ಸರಿ, ನಮ್ಮ ಕಡೆಯದ್ದು ಹೇಳಿದೆ ಅಷ್ಟೇ. ಜರ್ಮನಿ ವಿಷಯ ನೀವೇ ಹೇಳಿ.

ಅಡಿಕೆ ತೋಟ

ನನಗೆ ಒಂದು ಮಾತು ಹೇಳಬೇಕು, ಬೇಜಾರು ಮಾಡ್ಕೋಬೇಡಿ. ನಾಯಿ ಯಜಮಾನನನ್ನು ಹಿಡಿದುಕೊಳ್ಳುತ್ತೆ, ಬೆಕ್ಕು ಮನೆಯನ್ನು ಹಿಡಿದುಕೊಳ್ಳುತ್ತೆ. ನಮ್ಮ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ತೀರ್ಥಹಳ್ಳಿ ಕಡೆ ದೊಡ್ಡ ಮನೆ, ಅಟ್ಟ, ಕೊಟ್ಟಿಗೆ, ಇಲಿ, ಬಿಸಿಲು ಎಲ್ಲಾ ಇರುತ್ತೆ. ಅದನ್ನು ಬಿಟ್ಟು ಒಂದು ಚೀಲದಲ್ಲಿ ಹತ್ತು ಗಂಟೆ ಕೂರಿಸಿ, ಚಳಿ ದೇಶದ ಫ್ಲಾಟಿನಲ್ಲಿ ಕೂಡಿ ಹಾಕೋದು ಯಾರ ಸುಖಕ್ಕೆ? ಬೆಕ್ಕಿನದಾ, ನಮ್ಮದಾ?

ಸಂಪಿಗೆ

ಏಳು ವರ್ಷ ಫ್ಲಾಟಿನಲ್ಲೇ ಬೆಳೆದ ಬೆಕ್ಕು ರೀ ಅದು. ನಾಯಿ ಇರುವ ತೋಟದಲ್ಲಿ ಬಿಟ್ಟರೆ ಎಷ್ಟು ದಿನ ಉಳಿಯುತ್ತೆ?

ಅಡಿಕೆ ತೋಟ

ನಮ್ಮ ಮನೆಯಲ್ಲಿ ನಾಯಿ ಬೆಕ್ಕು ಒಂದೇ ಗೋಣಿ ಮೇಲೆ ಮಲಗುತ್ತವೆ. ನೋಡದೆ ಹೇಳಬೇಡಿ.

ಹಾವೇರಿ ಪಶುವೈದ್ಯೆ

ಜಗಳ ಬೇಡ, ಇಬ್ಬರದ್ದೂ ಸ್ವಲ್ಪ ಸ್ವಲ್ಪ ಸರಿ. ಬೆಕ್ಕಿಗೆ ಜಾಗ ಬದಲಾದರೆ ಕಷ್ಟ ಆಗುವುದು ನಿಜ. ಆದರೆ ತೀರ್ಥಹಳ್ಳಿಗೆ ಹೋದರೂ ಜಾಗ ಬದಲಾಯಿತು, ಮ್ಯೂನಿಕ್‌ಗೆ ಹೋದರೂ ಬದಲಾಯಿತು. ಮ್ಯೂನಿಕ್‌ನಲ್ಲಿ ಅವನ ಜನರಾದರೂ ಜೊತೆಗೆ ಇರುತ್ತಾರೆ, ಅವನ ಊಟವೂ ಅದೇ ಇರುತ್ತೆ.

ಈಗ ಕಾಯಿಲೆಗೆ ಬರುತ್ತೇನೆ. ನೀವು ಹೇಳಿದ ಮೂರರಲ್ಲಿ ಸೀನು ಮತ್ತು ಕಣ್ಣೀರು ಹೆಚ್ಚಾಗಿ ಹರ್ಪಿಸ್ ವೈರಸ್ಸಿನದ್ದು. ಬೀದಿಯಿಂದ ಬಂದ ಮರಿಗಳಲ್ಲಿ ತುಂಬಾ ಮಾಮೂಲಿ. ಒಮ್ಮೆ ಬಂದರೆ ಮೈಯಲ್ಲೇ ಉಳಿಯುತ್ತೆ, ಹೆದರಿಕೆ ಒತ್ತಡ ಆದಾಗ ತಲೆ ಎತ್ತುತ್ತೆ. ಪ್ರಯಾಣ ಆದ ವಾರ ಸೀನು ಜಾಸ್ತಿ ಆಗಬಹುದು, ಗಾಬರಿ ಬೇಡ. ಊಟ ಬಿಟ್ಟರೆ ಅಥವಾ ಕಣ್ಣು ಮುಚ್ಚಿಕೊಂಡೇ ಕೂತರೆ ಡಾಕ್ಟರಿಗೆ ತೋರಿಸಿ. ಲೈಸಿನ್ ಪುಡಿ ಕೊಡಿ ಅಂತ ಬಹಳ ಜನ ಹೇಳುತ್ತಾರೆ. ಅದರಿಂದ ಉಪಯೋಗ ಇದೆ ಅಂತ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ, ದುಡ್ಡು ಉಳಿಸಿ.

ಒಸಡಿಗೆ ಹೊರಡುವ ಮುಂಚೆಯೇ ಇಲ್ಲಿ ಹಲ್ಲು ಕ್ಲೀನ್ ಮಾಡಿಸಿ. ಅನಸ್ತೇಶಿಯಾ ಬೇಕಾಗುತ್ತೆ. ಹೊರಡಲು ಒಂದು ವಾರ ಇದೆ ಅನ್ನುವಾಗ ಅಲ್ಲ, ಈಗಲೇ, ಈ ನಾಲ್ಕು ತಿಂಗಳಲ್ಲಿ. ಅದೇ ಸಮಯಕ್ಕೆ ಕಿಡ್ನಿಯ ರಕ್ತ ಪರೀಕ್ಷೆಯೂ ಆಗಲಿ.

ನನಗೆ ನಿಜವಾಗಿ ಕಾಳಜಿ ಇರೋದು ಮೂತ್ರದ್ದು. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು. ಒತ್ತಡ ಆಗಿ, ನೀರು ಕುಡಿಯದೆ, ಗಂಟೆಗಟ್ಟಲೆ ಕಟ್ಟಿಕೊಂಡು ಕೂತರೆ ಮತ್ತೆ ತೊಂದರೆ ಬರಬಹುದು. ಆದ್ದರಿಂದ ಈಗಿನಿಂದಲೇ ಅದೇ ಯೂರಿನರಿ ಆಹಾರದ ಒದ್ದೆ (ವೆಟ್) ಪ್ಯಾಕೆಟ್ ಅಭ್ಯಾಸ ಮಾಡಿಸಿ, ಅದಕ್ಕೆ ಇನ್ನೊಂದೆರಡು ಚಮಚ ನೀರು ಕಲಸಿ. ಹೊರಡುವ ದಿನ ಊಟವನ್ನು ನಾಲ್ಕೈದು ಗಂಟೆ ಮುಂಚೆ ನಿಲ್ಲಿಸಿದರೂ ನೀರು ನಿಲ್ಲಿಸಬೇಡಿ. ಅಲ್ಲಿ ಇಳಿದ ಮೇಲೆ ಮೊದಲ ಮೂರು ನಾಲ್ಕು ದಿನ ಟ್ರೇಯ ಮಣ್ಣಿನಲ್ಲಿ ಮೂತ್ರದ ಉಂಡೆ ಎಷ್ಟು ಆಗಿದೆ ಅಂತ ಬೆಳಿಗ್ಗೆ ಸಂಜೆ ನೋಡಿ. ಪದೇ ಪದೇ ಟ್ರೇಗೆ ಹೋಗಿ ಕೂರುತ್ತಾನೆ, ಕೂಗುತ್ತಾನೆ, ಒಂದು ಹನಿಯೂ ಬರುತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಅರ್ಧರಾತ್ರಿಯಾದರೂ ಓಡಿ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತೆ.

ಬೆಲ್ಲದಮ್ಮ

ಡಾಕ್ಟರೇ, ತುಂಬಾ ತುಂಬಾ ಥ್ಯಾಂಕ್ಸ್. ಹರಳು ಸ್ಟ್ರುವೈಟ್ ಅಂತ ಹೇಳಿದ್ದರು. ಅದು ಕರಗುವ ಜಾತಿಯದ್ದಾ?

ಹಾವೇರಿ ಪಶುವೈದ್ಯೆ

ಹೌದು, ಸ್ಟ್ರುವೈಟ್ ಆಹಾರದಿಂದಲೇ ಕರಗುತ್ತೆ. ಆಕ್ಸಲೇಟ್ ಆದರೆ ಕರಗಲ್ಲ. ಹೊರಡುವ ತಿಂಗಳಲ್ಲಿ ಒಂದು ಸಲ ಮೂತ್ರ ಪರೀಕ್ಷೆ, ಸ್ಕ್ಯಾನ್ ಮಾಡಿಸಿ. ರಿಪೋರ್ಟುಗಳನ್ನೆಲ್ಲಾ ಇಂಗ್ಲಿಷಿನಲ್ಲಿ ಒಂದು ಫೈಲ್ ಮಾಡಿಟ್ಟುಕೊಳ್ಳಿ.

ತುಮಕೂರು ತಮ್ಮಯ್ಯ

ವಿಮಾನ ಹತ್ತುವ ಮುಂಚೆ ನಿದ್ದೆ ಮಾತ್ರೆ ಅರ್ಧ ಕೊಟ್ಟುಬಿಡಿ. ಇಳಿಯುವ ತನಕ ಗೊರಕೆ ಹೊಡೆಯುತ್ತೆ.

ಹಾವೇರಿ ಪಶುವೈದ್ಯೆ

ದಯವಿಟ್ಟು ಬೇಡ! ಮನುಷ್ಯರ ನಿದ್ದೆ ಮಾತ್ರೆ ಬೆಕ್ಕಿಗೆ ಕೊಡಲೇಬಾರದು. ಬೆಕ್ಕುಗಳಿಗೇ ಅಂತ ಇರುವ ಮತ್ತಿನ ಔಷಧಿಯನ್ನೂ ವಿಮಾನಕ್ಕೆ ಕೊಡಬಾರದು ಅಂತಲೇ ಸಲಹೆ. ರಕ್ತದೊತ್ತಡ ಇಳಿಯುತ್ತೆ, ಉಸಿರಾಟ ನಿಧಾನ ಆಗುತ್ತೆ, ಆಕಾಶದಲ್ಲಿ ನೀವು ಏನು ಮಾಡುತ್ತೀರಿ? ಮಂಪರು ಬಂದಂತೆ ಕಂಡರೆ ಚೆಕ್‌ಇನ್‌ನಲ್ಲೇ ಬೇಡ ಅಂದುಬಿಡುತ್ತಾರೆ. ಹೆದರಿಕೆ ಕಮ್ಮಿ ಮಾಡಲು ಗ್ಯಾಬಪೆಂಟಿನ್ ಅಂತ ಇದೆ, ಈಗ ಬಹಳ ವೈದ್ಯರು ಅದನ್ನೇ ಬರೆಯುತ್ತಾರೆ. ಆದರೆ ಡೋಸ್ ನಿಮ್ಮ ಡಾಕ್ಟರೇ ಹೇಳಬೇಕು, ಕಿಡ್ನಿ ರಿಪೋರ್ಟ್ ನೋಡಿಯೇ ಹೇಳಬೇಕು. ಮನೆಯಲ್ಲಿ ಒಂದು ದಿನ ಕೊಟ್ಟು ನೋಡದೆ ನೇರ ಪ್ರಯಾಣದ ದಿನ ಕೊಡಬೇಡಿ.

ತುಮಕೂರು ತಮ್ಮಯ್ಯ

ಗೊತ್ತಿರಲಿಲ್ಲ ಮೇಡಂ. ನನ್ನ ಮಾತು ಯಾರೂ ಕೇಳಬೇಡಿ.

ಲೆಸ್ಟರ್ ಲಲಿತೆ

ಜರ್ಮನಿಗಾದರೂ ಬೆಕ್ಕನ್ನು ಕಾಲ ಕೆಳಗೆ ಇಟ್ಟುಕೊಂಡು ಹೋಗಬಹುದು. ನಮ್ಮ ಇಂಗ್ಲೆಂಡಿಗೆ ಅದೂ ಇಲ್ಲ. ವಿಮಾನದಲ್ಲಿ ಬಂದರೆ ಕಾರ್ಗೋನೇ, ಕ್ಯಾಬಿನ್‌ನಲ್ಲಿ ಬಿಡಲ್ಲ. ಟೈಟರ್, ಮೂರು ತಿಂಗಳು ಎಲ್ಲಾ ಇಲ್ಲೂ ಇದೆ. ಕೆಲವರು ಆಮ್‌ಸ್ಟರ್‌ಡ್ಯಾಮ್ ಅಥವಾ ಪ್ಯಾರಿಸ್‌ಗೆ ಇಳಿದು, ಅಲ್ಲಿಂದ ಕಾರಿನಲ್ಲಿ ಚಾನೆಲ್ ಟನೆಲ್ (ಸಮುದ್ರದ ಕೆಳಗಿನ ಸುರಂಗ) ದಾಟಿ ಬರುತ್ತಾರೆ.

ಶಾರ್ಜಾ ಶೆಟ್ರು

ಗಲ್ಫ್ ಮೇಲೆ ಹೋಗುವ ವಿಮಾನ ಅಗ್ಗ ಅಂತ ಬುಕ್ ಮಾಡೀರಿ ಜೋಕೆ. ಎಮಿರೇಟ್ಸ್ ಕ್ಯಾಬಿನ್‌ನಲ್ಲಿ ಬೆಕ್ಕು ನಾಯಿ ಬಿಡಲ್ಲ. ಗಿಡುಗಕ್ಕೆ ಮಾತ್ರ ಕೆಲವು ಮಾರ್ಗದಲ್ಲಿ ಸೀಟು ಉಂಟು!

ಸಂಪಿಗೆ

ಗಿಡುಗಕ್ಕೆ ಸೀಟಾ?

ಶಾರ್ಜಾ ಶೆಟ್ರು

ಹೌದು ಮಾರಾಯ್ರೆ, ಇಲ್ಲಿ ಗಿಡುಗ ಅಂದರೆ ಬಹಳ ಮರ್ಯಾದೆ. ಯುಎಇಯಲ್ಲಿ ಗಿಡುಗಕ್ಕೆ ಪಾಸ್‌ಪೋರ್ಟೂ ಕೊಡುತ್ತಾರೆ.

ಇಸಾರ್ ದಂಡೆ

ವಿಷಯಕ್ಕೆ ಬರೋಣ. ಬೆಂಗಳೂರಿನಿಂದ ನೇರ ವಿಮಾನವೇ ಹಿಡಿಯಿರಿ. ಲುಫ್ತಾನ್ಸಾದಲ್ಲಿ ಚೀಲ ಸೇರಿ 8 ಕಿಲೋ ಒಳಗಿದ್ದರೆ ಕ್ಯಾಬಿನ್. ಟಿಕೆಟ್ ಮಾಡಿದ ಕೂಡಲೇ ಫೋನ್ ಮಾಡಿ ಬೆಕ್ಕಿಗೂ ಜಾಗ ಹೇಳಿಡಿ, ಒಂದು ವಿಮಾನಕ್ಕೆ ಇಷ್ಟೇ ಪ್ರಾಣಿ ಅಂತ ಮಿತಿ ಇರುತ್ತೆ. ಬೆಲ್ಲ ಎಷ್ಟು ತೂಕ?

ಬೆಲ್ಲದಮ್ಮ

ಆರು ಕಿಲೋ. ಚೀಲ ಒಂದೂವರೆ ಇದೆ. ಸರಿಹೋಗುತ್ತೆ.

ಇಸಾರ್ ದಂಡೆ

ಸರಿಯಾಗಿದೆ. ಇನ್ನು ಕಡೆಯ ಕಾಗದ. ಹೊರಡುವ ವಾರ ಬೆಂಗಳೂರಿನ ಎಕ್ಯೂಸಿಎಸ್‌ಗೆ, ಅಂದರೆ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಗೆ ಹೋಗಿ, ಸರ್ಕಾರಿ ವೈದ್ಯಾಧಿಕಾರಿಯಿಂದ ಯೂನಿಯನ್ನಿನ ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಮಾಡಿಸಬೇಕು. ಸಹಿಯಾದ 10 ದಿನದೊಳಗೆ ಯುರೋಪ್ ಮುಟ್ಟಬೇಕು. ಯಾವ ದೇಶದಲ್ಲಿ ಮೊದಲು ಇಳಿಯುತ್ತೀರೋ ಆ ದೇಶದ ಭಾಷೆಯ ಫಾರಂ ಬೇಕು, ಜೊತೆಗೆ ಇಂಗ್ಲಿಷ್. ಮ್ಯೂನಿಕ್‌ಗೆ ನೇರ ಇಳಿದರೆ ಜರ್ಮನ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದು ಬದಲಾಯಿಸಿದರೆ ಡಚ್. ಇದು ಬಹಳ ಜನರಿಗೆ ಹೊಳೆಯಲ್ಲ. ಇಳಿದ ಮೇಲೆ ಕಸ್ಟಮ್ಸ್‌ನ ಕೆಂಪು ಚಾನೆಲ್‌ಗೆ ಹೋಗಿ ನೀವಾಗಿಯೇ ಬೆಕ್ಕು ಇದೆ ಅಂತ ಹೇಳಬೇಕು. ಹಸಿರಿನಲ್ಲಿ ಸುಮ್ನೆ ದಾಟಿಬಿಡಬೇಡಿ.

ಬೆಲ್ಲದಮ್ಮ

ಸೆಪ್ಟೆಂಬರ್ ಆಗಲ್ಲ ಅಂತ ಅರ್ಥವಾಯಿತು. ಹಾಗಾದರೆ ನಾವಿಬ್ಬರೂ ಆಗಸ್ಟ್ ಕೊನೆಗೆ ಹೋಗಿ, ಅಕ್ಟೋಬರ್‌ನಲ್ಲಿ ಯಾರ ಕೈಯಲ್ಲಾದರೂ ಬೆಲ್ಲನನ್ನು ಕಳಿಸಿಕೊಡುವಂತೆ ಮಾಡಬಹುದಾ? ನನ್ನ ತಮ್ಮ ಬರುವವನಿದ್ದಾನೆ.

ನೆಕ್ಕರ್ ನದಿ

ಅಲ್ಲೇ ಒಂದು ತೊಡಕಿದೆ. ನಾನು ಸ್ಟುಟ್‌ಗಾರ್ಟ್‌ನಲ್ಲಿ ಇದನ್ನು ಅನುಭವಿಸಿದವನು. ಬೇರೆಯವರು ತರಬಹುದು, ನೀವು ಬರೆದುಕೊಟ್ಟ ಒಪ್ಪಿಗೆ ಪತ್ರ ಬೇಕು. ಆದರೆ ನಿಮ್ಮ ಪ್ರಯಾಣಕ್ಕೂ ಬೆಕ್ಕಿನ ಪ್ರಯಾಣಕ್ಕೂ ಐದು ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಜಾಸ್ತಿ ಆದರೆ ಅದನ್ನು ಮನೆಯ ಬೆಕ್ಕು ಅಂತ ನೋಡಲ್ಲ, ವ್ಯಾಪಾರದ ಸರಕಿನ ನಿಯಮಕ್ಕೆ ಹಾಕುತ್ತಾರೆ. ಕಾಗದ ಬೇರೆ, ಖರ್ಚು ಬೇರೆ.

ಸುಲಭದ ದಾರಿ: ಬೆಕ್ಕಿನ ಎಲ್ಲಾ ಕಾಗದ ನಿಮ್ಮ ಹೆಸರಲ್ಲಿ ಮಾಡಿಸಿ. ಚಿಪ್, ಲಸಿಕೆ ಪುಸ್ತಕ, ಟೈಟರ್ ರಿಪೋರ್ಟ್ ಎಲ್ಲಾ. ಯಜಮಾನರು ಸೆಪ್ಟೆಂಬರ್‌ಗೆ ಹೋಗಲಿ. ನೀವು ಉಳಿದು ಅಕ್ಟೋಬರ್‌ನಲ್ಲಿ ಬೆಲ್ಲನ ಜೊತೆ ಬನ್ನಿ. ಬೆಕ್ಕಿನ ಮಾಲೀಕಳೇ ಜೊತೆಯಲ್ಲಿ ಬಂದ ಹಾಗಾಯಿತು. ಅಷ್ಟರಲ್ಲಿ ಅವರು ಮನೆಯನ್ನೂ ಹುಡುಕಿರುತ್ತಾರೆ. ಹೋಟೆಲು, ತಾತ್ಕಾಲಿಕ ಮನೆ, ಇನ್ನೊಂದು ಮನೆ ಅಂತ ಬೆಕ್ಕನ್ನು ಮೂರು ಕಡೆ ಅಲೆಸೋದು ತಪ್ಪುತ್ತೆ.

ಹಾವೇರಿ ಪಶುವೈದ್ಯೆ

ಇದು ಒಳ್ಳೆಯ ಸಲಹೆ. ಮೂತ್ರದ ತೊಂದರೆ ಇರುವ ಬೆಕ್ಕಿಗೆ ಮನೆ ಪದೇ ಪದೇ ಬದಲಾಗದಿರೋದು ಔಷಧಿಗಿಂತ ಮುಖ್ಯ.

ಅಡಿಕೆ ತೋಟ

ಗಂಡನನ್ನು ಒಂದೂವರೆ ತಿಂಗಳು ಒಬ್ಬನೇ ಕಳಿಸಿ, ಬೆಕ್ಕಿಗೋಸ್ಕರ ಹೆಂಡತಿ ಉಳಿಯೋದಾ? ಅತ್ತೆಗೆ ಏನು ಅನ್ನಿಸಬಹುದು ಯೋಚಿಸಿ.

ಬೆಲ್ಲದಮ್ಮ

ಅಡಿಕೆ ತೋಟ ಅವರೇ, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಆದರೆ ಮನೆಯಲ್ಲಿ ಹೀಗೇ ಮಾಡೋಣ ಅಂತ ಮೊದಲು ಹೇಳಿದ್ದು ನನ್ನ ಗಂಡನೇ. ಇವತ್ತು ಬೆಳಿಗ್ಗೆ ಈ ಚರ್ಚೆ ಓದಿಸಿದೆ. ‘ಅವನನ್ನು ಬಿಟ್ಟು ಬಂದರೆ ನೀನು ಅಲ್ಲಿ ಒಂದು ದಿನವೂ ನೆಮ್ಮದಿಯಿಂದ ಇರಲ್ಲ, ನಾನೂ ಇರಲ್ಲ’ ಅಂದರು. ಅತ್ತೆಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಕುಡ್ಲದ ಪುಚ್ಚೆ

ಏರ್‌ಪೋರ್ಟ್ ಸೆಕ್ಯೂರಿಟಿ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಬೆಕ್ಕನ್ನು ಚೀಲದಿಂದ ಹೊರಗೆ ತೆಗೆಯಲೇಬೇಕು. ಖಾಲಿ ಚೀಲ ಎಕ್ಸ್‌ರೇ ಒಳಗೆ ಹೋಗುತ್ತೆ, ಬೆಕ್ಕನ್ನು ಎತ್ತಿಕೊಂಡು ನೀವು ಗೇಟ್ ದಾಟಬೇಕು. ನಮ್ಮ ಕಾಳಿ ಮನೆಯಲ್ಲಿ ಪಾಪದವಳು. ಅಲ್ಲಿ ಟ್ರೇಗಳ ದಡಬಡ ಸದ್ದಿಗೆ ಉಗುರು ನನ್ನ ಹೆಗಲಿಗೆ ಇಳಿಸಿ, ತಲೆಯನ್ನು ನನ್ನ ಕಂಕುಳಿಗೆ ತುರುಕಿಕೊಂಡಳು. ಮೈಯೆಲ್ಲಾ ನಡುಗುತ್ತಿತ್ತು. ಹಾರ್ನೆಸ್ (ಮೈಗೆ ಕಟ್ಟುವ ಪಟ್ಟಿ) ಹಾಕಿದ್ದರಿಂದ ಬಚಾವ್. ಮೊದಲೇ ಕೇಳಿದರೆ ಬಾಗಿಲು ಇರುವ ಕೋಣೆಯಲ್ಲಿ ತಪಾಸಣೆ ಮಾಡುತ್ತಾರೆ, ಧೈರ್ಯವಾಗಿ ಕೇಳಿ. ಹಾರ್ನೆಸ್ ಈಗಲೇ ತಂದು ದಿನಾ ಸ್ವಲ್ಪ ಹೊತ್ತು ಹಾಕಿ ರೂಢಿ ಮಾಡಿ. ಚೀಲವನ್ನೂ ಅಷ್ಟೇ. ಹಾಲ್‌ನಲ್ಲಿ ಬಾಯಿ ತೆರೆದು ಇಟ್ಟು, ಒಳಗೆ ಅವನ ಹಳೆ ಬಟ್ಟೆ ಹಾಸಿ, ಅಲ್ಲೇ ಊಟ ಕೊಡಿ.

ಚೀಲದ ತಳಕ್ಕೆ ಮಕ್ಕಳ ಯೂರಿನ್ ಪ್ಯಾಡ್ ಹಾಕಿ. ಕೈಚೀಲದಲ್ಲಿ ಇನ್ನೂ ಮೂರು ನಾಲ್ಕು, ಒಂದು ಜಿಪ್ ಕವರ್ ಇರಲಿ.

ಬೆಲ್ಲದಮ್ಮ

ವಿಮಾನದಲ್ಲಿ ಟಾಯ್ಲೆಟ್‌ಗೆ ಹೇಗೆ? ಅವನು ಕಟ್ಟಿಕೊಂಡು ಕೂತರೆ ಅನ್ನೋದೇ ನನ್ನ ಭಯ.

ಕುಡ್ಲದ ಪುಚ್ಚೆ

ನಾನು ಮಡಚುವ ಬಟ್ಟೆ ಟ್ರೇ ಮತ್ತು ಅವಳ ಟ್ರೇಯದ್ದೇ ಸ್ವಲ್ಪ ಮಣ್ಣು ಒಯ್ದಿದ್ದೆ. ವಿಮಾನದ ಟಾಯ್ಲೆಟ್‌ನಲ್ಲಿ ಬಾಗಿಲು ಹಾಕಿ ಇಟ್ಟರೂ ಹೋಗಲಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ, ವಿಶೇಷ ಅಗತ್ಯದವರ ದೊಡ್ಡ ಟಾಯ್ಲೆಟ್‌ನಲ್ಲಿ ಇಟ್ಟಾಗ ಹೋದಳು.

ಹಾವೇರಿ ಪಶುವೈದ್ಯೆ

ಹೆಚ್ಚಿನ ಬೆಕ್ಕುಗಳು ಇಳಿಯುವ ತನಕ ಹೋಗಲ್ಲ, ಅಷ್ಟಕ್ಕೇ ಅಪಾಯ ಅಲ್ಲ. ಇಳಿದು, ಮನೆ ಸೇರಿ, ನೀರು ಕುಡಿದ ಮೇಲೂ ಹೋಗದಿದ್ದರೆ ಡಾಕ್ಟರ್. ಇಲ್ಲಿಂದ ಹೊರಡುವ ಮುಂಚೆಯೇ ಮ್ಯೂನಿಕ್‌ನಲ್ಲಿ ಮನೆಗೆ ಹತ್ತಿರದ, ರಾತ್ರಿಯೂ ತೆರೆದಿರುವ ಪ್ರಾಣಿ ಆಸ್ಪತ್ರೆಯ ನಂಬರ್ ಬರೆದಿಟ್ಟುಕೊಳ್ಳಿ.

ನೆಕ್ಕರ್ ನದಿ

ಖರ್ಚಿಗೂ ತಯಾರಾಗಿರಿ. ಜರ್ಮನಿಯಲ್ಲಿ ಪಶುವೈದ್ಯರ ದರ ಕಾನೂನಿನಲ್ಲೇ ನಿಗದಿ, 2022ರ ನವೆಂಬರ್‌ನಲ್ಲಿ ಜಾಸ್ತಿ ಮಾಡಿದರು. ರಾತ್ರಿ, ಭಾನುವಾರ ಹೋದರೆ ತುರ್ತು ಶುಲ್ಕ 50 ಯೂರೋ ಮೇಲೆ ತೆರಿಗೆ, ಚಿಕಿತ್ಸೆಯ ದರವೂ ದುಪ್ಪಟ್ಟು ಅಥವಾ ಅದಕ್ಕಿಂತ ಮೇಲೆ. ಬೆಕ್ಕಿಗೆ ವಿಮೆ ಸಿಗುತ್ತೆ, ಆದರೆ ಮೊದಲೇ ಇದ್ದ ಕಾಯಿಲೆಗೆ ಕೊಡಲ್ಲ. ಬೆಲ್ಲನ ಮೂತ್ರದ ಖರ್ಚು ನಿಮ್ಮದೇ ಅಂತ ಇಟ್ಟುಕೊಳ್ಳಿ. ಅದಕ್ಕೇ ಡಾಕ್ಟರ್ ಮೇಡಂ ಹೇಳಿದ ಹಾಗೆ ಹಲ್ಲಿನ ಕೆಲಸ ಬೆಂಗಳೂರಿನಲ್ಲೇ ಮುಗಿಸಿ. ನಾಯಿಗೆ ಇಲ್ಲಿ ತೆರಿಗೆ ಇದೆ, ಬೆಕ್ಕಿಗೆ ಇಲ್ಲ.

ಸಂಪಿಗೆ

ಬಾಡಿಗೆ ಮನೆಯವರು ಬೆಕ್ಕು ಬೇಡ ಅಂದರೆ?

ನೆಕ್ಕರ್ ನದಿ

ನಾಯಿ ಬೆಕ್ಕು ಪೂರ್ತಿ ನಿಷೇಧ ಅಂತ ಅಚ್ಚಾದ ಕರಾರಿನಲ್ಲಿ ಬರೆದರೆ ಅದು ಊರ್ಜಿತವಲ್ಲ ಅಂತ ಅಲ್ಲಿನ ಸುಪ್ರೀಂ ಮಟ್ಟದ ಕೋರ್ಟ್ 2013ರಲ್ಲೇ ಹೇಳಿದೆ. ಹಾಗಂತ ಮನೆ ಮಾಲೀಕರು ನಿಮಗೇ ಮನೆ ಕೊಡಬೇಕು ಅಂತೇನಿಲ್ಲ. ಮ್ಯೂನಿಕ್‌ನಲ್ಲಿ ಒಂದು ಮನೆಗೆ ಜನ ಸಾಲು ನಿಲ್ಲುತ್ತಾರೆ. ಮುಚ್ಚಿಡದೆ ಮೊದಲೇ ಹೇಳಿ, ಫೋಟೋ ತೋರಿಸಿ, ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ.

ಬೆಲ್ಲದಮ್ಮ

ಅವನ ಯೂರಿನರಿ ಆಹಾರ ಇಲ್ಲಿಂದ ಒಯ್ಯಬಹುದಾ? ಮಾಂಸ ಇರುವುದನ್ನು ಬಿಡಲ್ಲ ಅಂತ ಓದಿದೆ.

ಇಸಾರ್ ದಂಡೆ

ಮಾಂಸ, ಹಾಲಿನ ಪದಾರ್ಥ ತರುವ ಹಾಗಿಲ್ಲ. ಆದರೆ ಕಾಯಿಲೆಗಾಗಿ ಕೊಡುವ ಪ್ರಾಣಿ ಆಹಾರಕ್ಕೆ 2 ಕಿಲೋ ತನಕ ವಿನಾಯಿತಿ ಇದೆ. ಫ್ರಿಜ್ ಬೇಡದ್ದು ಆಗಿರಬೇಕು, ಕಂಪನಿ ಪ್ಯಾಕೆಟ್ ಒಡೆದಿರಬಾರದು, ಈಗ ಬಳಸುತ್ತಿರುವ ಪ್ಯಾಕೆಟ್ ಆದರೆ ಪರವಾಗಿಲ್ಲ. ಡಾಕ್ಟರ್ ಚೀಟಿ ಜೊತೆಗಿಡಿ. ಅದು ಮುಗಿಯುವುದರೊಳಗೆ ಇಲ್ಲೇ ಸಿಗುತ್ತೆ, ಅದೇ ಕಂಪನಿಯದ್ದು.

ಕುಡ್ಲದ ಪುಚ್ಚೆ

ಊಟದ ವಿಷಯ ಬಂತು ಅಂತ ಹೇಳುತ್ತೇನೆ. ನಮ್ಮ ಕಾಳಿ ಡ್ಯುಸೆಲ್‌ಡಾರ್ಫ್‌ಗೆ ಬಂದು ಇಷ್ಟು ಕಾಲ ಆಯಿತು, ಸಾಲ್ಮನ್ ಮೂಸಿ ನೋಡಲ್ಲ. ಭಾರತದ ಅಂಗಡಿಯಲ್ಲಿ ಫ್ರೋಜನ್ ಬೂತಾಯಿ ಸಿಕ್ಕಿದ ದಿನ ಅಡುಗೆಮನೆ ಬಿಟ್ಟು ಕದಲಲ್ಲ.

ಶಾರ್ಜಾ ಶೆಟ್ರು

ಬೂತಾಯಿ ಬಿಟ್ಟು ಸಾಲ್ಮನ್ ತಿನ್ನಲು ಅದಕ್ಕೇನು ಮರುಳಾ? ಬಂಗುಡೆ ಕೊಟ್ಟು ನೋಡಿ.

ಹಾವೇರಿ ಪಶುವೈದ್ಯೆ

ಬೆಲ್ಲನಿಗೆ ಮಾತ್ರ ಬೂತಾಯಿಯೂ ಬೇಡ, ಬಂಗುಡೆಯೂ ಬೇಡ. ಅವನ ಆಹಾರ ಬಿಟ್ಟು ಬೇರೆ ಏನೂ ಇಲ್ಲ.

ಅಡಿಕೆ ತೋಟ

ಹಾಲು?

ಹಾವೇರಿ ಪಶುವೈದ್ಯೆ

ಹಾಲೂ ಬೇಡ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣ ಆಗಲ್ಲ, ಭೇದಿ ಆಗುತ್ತೆ.

ಅಡಿಕೆ ತೋಟ

ನಮ್ಮಲ್ಲಿ ತಲೆತಲಾಂತರದಿಂದ ಹಾಕುತ್ತಿದ್ದೇವೆ. ಆದರೂ ಡಾಕ್ಟರ್ ಹೇಳಿದ ಮೇಲೆ ಯೋಚಿಸುತ್ತೇನೆ. ಬೆಲ್ಲದಮ್ಮ, ನೀವು ಇಷ್ಟು ಮುತುವರ್ಜಿಯಿಂದ ಮಾಡುತ್ತೀರಿ ಅಂತ ಗೊತ್ತಾದ ಮೇಲೆ ನನ್ನ ವಿರೋಧ ಇಲ್ಲ. ಒಂದೇ ಮಾತು. ಮೂರು ನಾಲ್ಕು ವರ್ಷ ಬಿಟ್ಟು ವಾಪಸ್ ಬರುವಾಗ ಅಲ್ಲಿ ಬಿಟ್ಟು ಬರಬೇಡಿ.

ಬೆಲ್ಲದಮ್ಮ

ಖಂಡಿತ ಇಲ್ಲ.

ನೆಕ್ಕರ್ ನದಿ

ವಾಪಸ್ ಬರುವುದಕ್ಕೂ ಎಕ್ಯೂಸಿಎಸ್ ಒಪ್ಪಿಗೆ ಬೇಕು, ಅದು ಆಗಿನ ಮಾತು. ಆದರೆ ಅಲ್ಲಿದ್ದಾಗ ರೇಬೀಸ್ ಬೂಸ್ಟರ್ ಒಂದು ದಿನವೂ ತಪ್ಪಿಸಬೇಡಿ. ಅವಧಿ ಮುಗಿಯುವ ಮುಂಚೆ ಹಾಕಿಸುತ್ತಾ ಬಂದರೆ ಮುಂದೆ ಮತ್ತೆ ಯುರೋಪಿಗೆ ಬರಬೇಕಾದರೂ ಈಗ ಮಾಡಿಸುವ ಟೈಟರ್ ಟೆಸ್ಟೇ ನಡೆಯುತ್ತೆ. ತಪ್ಪಿದರೆ ಎಲ್ಲಾ ಮೊದಲಿನಿಂದ.

ಬೆಲ್ಲದಮ್ಮ

ಶನಿವಾರ ಚಿಪ್‌ಗೆ ಸಮಯ ತೆಗೆದುಕೊಂಡಿದ್ದೇನೆ. ಲಸಿಕೆಯೂ ಅವತ್ತೇ. ಅಲ್ಲಿ ನಾನು ಏನೇನು ನೋಡಿಕೊಳ್ಳಬೇಕು?

ಇಸಾರ್ ದಂಡೆ

ಚಿಪ್ ಹಾಕಿದ ಕೂಡಲೇ ಸ್ಕ್ಯಾನರ್ ಇಟ್ಟು ನಂಬರ್ ಓದಲು ಹೇಳಿ. ಆ 15 ಅಂಕಿ, ಸ್ಟಿಕ್ಕರ್ ಮೇಲಿನದು, ಪುಸ್ತಕದಲ್ಲಿ ಬರೆದದ್ದು ಮೂರೂ ಒಂದೇ ಇದೆಯಾ ನೀವೇ ಕೂತು ತಾಳೆ ನೋಡಿ. ಚಿಪ್ ಹಾಕಿದ ದಿನಾಂಕ, ಲಸಿಕೆಯ ಹೆಸರು, ಬ್ಯಾಚ್ ನಂಬರ್, ಎಲ್ಲಿಯವರೆಗೆ ನಡೆಯುತ್ತೆ ಅನ್ನೋದು, ಡಾಕ್ಟರ್ ಸಹಿ, ಸೀಲು. ಮಾಲೀಕರ ಜಾಗದಲ್ಲಿ ನಿಮ್ಮ ಹೆಸರು, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ. ಎಲ್ಲಾ ಬರೆದಾದ ಮೇಲೆ ಫೋಟೋ ತೆಗೆದು ಇಲ್ಲಿ ಹಾಕಿ, ನಂಬರ್ ಮಾತ್ರ ಮುಚ್ಚಿ. ನಾನು ಒಮ್ಮೆ ನೋಡುತ್ತೇನೆ.

ಸಂಪಿಗೆ

ಬೆಲ್ಲನ ಫೋಟೋನೂ ಹಾಕಿ!